ಒಂದೇ ಕಾಗದಕ್ಕೆ ಸಹಿ ಹಾಕಿದವರು: ಮಾಂಟ್ರೋಸ್‌ನ ಕಥೆ

(ಓದುಗರ ಬಳಗವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಹೇಳುವಾಗ ಅವಸರದಲ್ಲಿ ದಾಟಿಹೋದ ಕೆಲವು ಕಡೆ ಇಲ್ಲಿ ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1650ರ ಮೇ 21. ಸ್ಕಾಟ್ಲೆಂಡಿನ ಎಡಿನ್‌ಬರೋ ಪೇಟೆಯ ನಡುವೆ 30 ಅಡಿ ಎತ್ತರದ ಗಲ್ಲುಗಂಬ ನೆಟ್ಟಿದ್ದರು. ಅದರ ಮೇಲೆ ಹತ್ತಿದವನಿಗೆ 37 ವರ್ಷ. ಹೆಸರು ಜೇಮ್ಸ್ ಗ್ರಹಾಂ, ಮಾಂಟ್ರೋಸ್‌ನ ಮಾರ್ಕ್ವಿಸ್, ಅಂದರೆ ದೊಡ್ಡ ಪದವಿಯ ಸರದಾರ. ಅವನು ಮಾಡಿದ ತಪ್ಪೇನು ಅಂತ ಕೇಳಿದರೆ ಸರ್ಕಾರದ ಉತ್ತರ ಸಿದ್ಧವಾಗಿತ್ತು: ದೇವರ ಮುಂದೆ ಮಾಡಿದ ಒಡಂಬಡಿಕೆಯನ್ನು ಮುರಿದ, ತನ್ನ ನಾಡಿನ ಮೇಲೇ ದಂಡೆತ್ತಿ ಬಂದ. ವಿಚಿತ್ರ ಏನಂದರೆ, ಆ ಒಡಂಬಡಿಕೆಗೆ 12 ವರ್ಷದ ಹಿಂದೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವರ ಸಾಲಿನಲ್ಲಿ ಅವನೂ ಇದ್ದ. ಅವನನ್ನು ಗಲ್ಲಿಗೆ ಕಳಿಸಿದವರೂ ಅದೇ ಕಾಗದಕ್ಕೆ ಸಹಿ ಹಾಕಿದವರೇ.

ಮಾಂಟ್ರೋಸ್ ಬಗ್ಗೆ ಬರೆದವರಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪಿಗೆ ಅವನು ಪಕ್ಷ ಬದಲಿಸಿದ ದ್ರೋಹಿ. ಇನ್ನೊಂದಕ್ಕೆ ಕಳಂಕವೇ ಇಲ್ಲದ ವೀರ, ಕವಿ, ಸುಂದರ. ಎರಡೂ ನನಗೆ ಒಪ್ಪಿಗೆಯಾಗುವುದಿಲ್ಲ. ಅವನು ಸಹಿ ಹಾಕಿದ ಕಾಗದದಲ್ಲೇ ಎರಡು ಮಾತು ಕೊಟ್ಟಿದ್ದರು. ನಮ್ಮ ಧರ್ಮವನ್ನು ಕಾಯುತ್ತೇವೆ ಅಂತ ಒಂದು, ನಮ್ಮ ದೊರೆಯನ್ನು ಕಾಯುತ್ತೇವೆ ಅಂತ ಇನ್ನೊಂದು. ಬರೆದ ದಿನ ಅವು ಜೊತೆಗೇ ಇದ್ದವು. ಆಮೇಲೆ ಒಂದೊಂದೂ ಒಂದೊಂದು ದಾರಿ ಹಿಡಿದವು. ಯಾವ ಮಾತಿನ ಹಿಂದೆ ಯಾರು ಹೋದರು ಅನ್ನುವುದೇ ಈ ಕಥೆ.

ಮೊದಲು ಮನೆತನ. ಜೇಮ್ಸ್ ಹುಟ್ಟಿದ್ದು 1612ರಲ್ಲಿ. ಐದು ಜನ ಅಕ್ಕತಂಗಿಯರ ನಡುವೆ ಒಬ್ಬನೇ ಗಂಡು. 1626ರಲ್ಲಿ ತಂದೆ ತೀರಿಕೊಂಡಾಗ 14 ವರ್ಷದ ಹುಡುಗ ಮಾಂಟ್ರೋಸ್‌ನ ಐದನೆಯ ಅರ್ಲ್ ಆದ (ಇದು ಮಾರ್ಕ್ವಿಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ). ಅವನಿಗೆ ಪೋಷಕರಾಗಿ ನಿಂತವರಲ್ಲಿ ಭಾವ ಆರ್ಚಿಬಾಲ್ಡ್ ನೇಪಿಯರ್ ಒಬ್ಬರು. ನಾವೆಲ್ಲ ಕಾಲೇಜಿನಲ್ಲಿ ಲಾಗರಿದಮ್ ಟೇಬಲ್ ಹಿಡಿದು ಒದ್ದಾಡಿದ್ದೇವಲ್ಲ, ಅದನ್ನು ಕಂಡುಹಿಡಿದ ಜಾನ್ ನೇಪಿಯರ್‌ನ ಮಗ ಈತ. ಈ ನೇಪಿಯರ್ ಮನೆತನವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕಥೆ ನಮ್ಮ ಕಡೆಗೆ ಬರುವುದು ಇವರಿಂದಲೇ.

ಹುಡುಗ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಹೋದ. ಓದಿದ, ಕುದುರೆ ಹತ್ತಿದ, ಬಿಲ್ಲುಗಾರಿಕೆಯಲ್ಲಿ ಬೆಳ್ಳಿ ಪದಕ ಗೆದ್ದ. 17ನೇ ವಯಸ್ಸಿಗೆ ಮ್ಯಾಗ್ಡಲೀನ್ ಕಾರ್ನೆಗಿಯ ಜೊತೆ ಮದುವೆ. ಆಮೇಲೆ ಮೂರು ವರ್ಷ ಫ್ರಾನ್ಸ್, ಇಟಲಿ ಸುತ್ತಾಟ. 1636ರಲ್ಲಿ ವಾಪಸ್ ಬಂದು ಲಂಡನ್ನಿನಲ್ಲಿ ದೊರೆ ಒಂದನೇ ಚಾರ್ಲ್ಸ್‌ನನ್ನು ಕಂಡಾಗ, ದೊರೆ ಸುಮ್ನೆ ಕೈ ಚಾಚಿ ಮುತ್ತಿಕ್ಕಿಸಿಕೊಂಡು ಮುಖ ತಿರುಗಿಸಿದನಂತೆ. ಮಾಂಟ್ರೋಸ್ ದೊರೆಯ ವಿರುದ್ಧ ತಿರುಗಿದ್ದು ಈ ಅವಮಾನದಿಂದಲೇ ಅಂತ ಕೆಲವರು ಬರೆಯುತ್ತಾರೆ. ಇರಬಹುದು. ಆದರೆ ಇಡೀ ಸ್ಕಾಟ್ಲೆಂಡೇ ದೊರೆಯ ವಿರುದ್ಧ ಸಿಟ್ಟಾಗಿದ್ದ ಹೊತ್ತಿನಲ್ಲಿ ಒಬ್ಬನಿಗೆ ಮಾತ್ರ ಬೇರೆ ಕಾರಣ ಹುಡುಕಬೇಕಾ ಅನಿಸುತ್ತದೆ.

ಆ ಸಿಟ್ಟು ಯಾಕೆ ಅಂತ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡಕ್ಕೂ ಆಗ ಒಬ್ಬನೇ ದೊರೆ. ಎರಡೂ ಕಡೆ ಪ್ರಾಟೆಸ್ಟೆಂಟರೇ, ಆದರೆ ಚರ್ಚನ್ನು ನಡೆಸುವ ರೀತಿ ಬೇರೆ. ಇಂಗ್ಲೆಂಡಿನಲ್ಲಿ ದೊರೆ ಬಿಷಪ್‌ಗಳನ್ನು ನೇಮಿಸುತ್ತಾನೆ, ಬಿಷಪ್‌ಗಳು ಚರ್ಚನ್ನು ಆಳುತ್ತಾರೆ. ಸ್ಕಾಟ್ಲೆಂಡಿನಲ್ಲಿ ಪಾದ್ರಿಗಳು ಮತ್ತು ಊರಿನ ಹಿರಿಯರು ಸಭೆ ಸೇರಿ ಚರ್ಚಿನ ವಿಷಯ ತೀರ್ಮಾನಿಸಬೇಕು ಅನ್ನುವ ಹಠ. ಅಲ್ಲಿಯೂ ಬಿಷಪ್‌ಗಳಿದ್ದರು, ಆದರೆ ಜನಕ್ಕೆ ಅವರು ದೊರೆಯ ಆಳುಗಳಂತೆ ಕಾಣುತ್ತಿದ್ದರು. ಚಾರ್ಲ್ಸ್‌ನ ಅಪ್ಪ ಜೇಮ್ಸ್ ಒಂದು ಮಾತು ಹೇಳಿದ್ದ: ಬಿಷಪ್ ಇಲ್ಲದಿದ್ದರೆ ದೊರೆಯೂ ಇಲ್ಲ. ಅಪ್ಪನಿಗೆ ಅದರ ಜೊತೆ ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಿತ್ತು. ಮಗನಿಗೆ ಗೊತ್ತಾಗಲಿಲ್ಲ.

1637ರ ಜುಲೈ 23ರಂದು ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ದೊರೆ ಕಳಿಸಿದ ಹೊಸ ಪ್ರಾರ್ಥನಾ ಪುಸ್ತಕ ತೆರೆದು ಓದಲು ಶುರು ಮಾಡಿದರು. ಚರ್ಚಿನೊಳಗೇ ಗಲಾಟೆ ಎದ್ದಿತು. ಜೆನಿ ಗೆಡಿಸ್ ಅನ್ನುವ ಹೆಂಗಸು ತಾನು ಕೂತ ಸ್ಟೂಲನ್ನೇ ಎತ್ತಿ ಪಾದ್ರಿಯ ತಲೆಗೆ ಎಸೆದಳು ಅನ್ನುವುದು ಅಲ್ಲಿ ಮನೆಮಾತು. ಸ್ಟೂಲಿನ ಕಥೆ ನಿಜವೋ ಸುಳ್ಳೋ, ಗಲಾಟೆಯಂತೂ ನಿಜ. ಅದು ಅಲ್ಲಿಗೆ ನಿಲ್ಲಲಿಲ್ಲ. 1638ರ ಫೆಬ್ರವರಿ 28ರಂದು ಗ್ರೇಫ್ರೈಯರ್ಸ್ ಚರ್ಚಿನಲ್ಲಿ ರಾಷ್ಟ್ರೀಯ ಒಡಂಬಡಿಕೆಗೆ ಸಹಿಗಳು ಶುರುವಾದವು. ಬರೆದವರು ಇಬ್ಬರು: ವಕೀಲ ಆರ್ಚಿಬಾಲ್ಡ್ ಜಾನ್‌ಸ್ಟನ್ ಆಫ್ ವಾರಿಸ್ಟನ್, ಪಾದ್ರಿ ಅಲೆಕ್ಸಾಂಡರ್ ಹೆಂಡರ್ಸನ್. ಮೊದಲು ಸರದಾರರು, ಮರುದಿನದಿಂದ ಪಾದ್ರಿಗಳು, ಪೇಟೆಯವರು. ಆಮೇಲೆ ಪ್ರತಿಗಳು ಊರೂರಿಗೆ ಹೋದವು. ಸಹಿ ಹಾಕಿದವರಿಗೆ ಒಡಂಬಡಿಕೆಯವರು ಅಂತಲೇ ಹೆಸರು ಬಿತ್ತು. 25 ವರ್ಷದ ಮಾಂಟ್ರೋಸ್ ಅವರ ಮುಂದಾಳುಗಳಲ್ಲಿ ಒಬ್ಬ.

ಮುಂದಿನ ಎರಡು ವರ್ಷ ಅವನು ಆ ಪಕ್ಷಕ್ಕಾಗಿ ಜೀವ ತೇದ. ಅಬರ್ಡೀನ್ ಪಟ್ಟಣ ಮಾತ್ರ ಸಹಿ ಹಾಕಲು ಒಪ್ಪಿರಲಿಲ್ಲ. ಅಲ್ಲಿನ ವಿದ್ವಾಂಸ ಪಾದ್ರಿಗಳು ಒಡಂಬಡಿಕೆಯ ವಿರುದ್ಧ ವಾದ ಹೂಡಿದ್ದರು. ಅವರನ್ನು ಮಾತಿನಲ್ಲಿ ಒಲಿಸಲು ಹೋದವರಲ್ಲಿ ಮಾಂಟ್ರೋಸ್ ಇದ್ದ. ಮಾತು ನಡೆಯದಿದ್ದಾಗ, 1639ರಲ್ಲಿ ದಂಡು ಕಟ್ಟಿಕೊಂಡು ಹೋದವನೂ ಅವನೇ. ಜೂನ್‌ನಲ್ಲಿ ಡೀ ನದಿಯ ಸೇತುವೆಯ ಮೇಲೆ ಎರಡು ದಿನ ಕಾದಾಡಿ ಊರನ್ನು ಹಿಡಿದ. 1640ರ ಆಗಸ್ಟ್‌ನಲ್ಲಿ ಒಡಂಬಡಿಕೆಯವರ ಸೈನ್ಯ ಗಡಿ ದಾಟಿ ಇಂಗ್ಲೆಂಡಿಗೆ ನುಗ್ಗಿದಾಗ ಟ್ವೀಡ್ ನದಿಗೆ ಮೊದಲು ಇಳಿದು ನಡೆದವನು ಮಾಂಟ್ರೋಸ್.

ಆದರೆ ಅದೇ ತಿಂಗಳು ಇನ್ನೊಂದು ಕೆಲಸವನ್ನೂ ಅವನು ಗುಟ್ಟಾಗಿ ಮಾಡಿದ್ದ. ಕಂಬರ್ನಾಲ್ಡ್‌ನಲ್ಲಿ ತನ್ನಂತೆ ಯೋಚಿಸುವ ಕೆಲವು ಸರದಾರರ ಜೊತೆ ಸೇರಿ ಒಂದು ಒಪ್ಪಂದ ಬರೆದಿದ್ದ. ಕೆಲವೇ ಜನ ತಮ್ಮ ಲಾಭಕ್ಕೆ ಈ ಚಳವಳಿಯನ್ನು ತಿರುಗಿಸಿಕೊಳ್ಳುತ್ತಿದ್ದಾರೆ ಅನ್ನುವುದು ಅದರ ಸಾರ. ಆ ಕೆಲವರಲ್ಲಿ ಮುಖ್ಯನಾದವನು ಆರ್ಗೈಲ್‌ನ ಅರ್ಲ್, ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್.

ಈ ಆರ್ಗೈಲ್‌ನನ್ನು ಖಳನಾಯಕ ಮಾಡುವುದು ಸುಲಭ. ಹಾಗೆ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಕೆಂಪು ಕೂದಲು, ಮೆಳ್ಳೆಗಣ್ಣು, ಯುದ್ಧಕ್ಕೆ ಹೆದರುವ ಸ್ವಭಾವ ಅಂತೆಲ್ಲ ಚಿತ್ರ ಬರೆದಿದ್ದಾರೆ. ನನಗೆ ಅವನು ಆ ಕಾಲದ ಸ್ಕಾಟ್ಲೆಂಡಿನ ಅತ್ಯಂತ ಚುರುಕಾದ ರಾಜಕಾರಣಿಯಾಗಿ ಕಾಣುತ್ತಾನೆ. ಚಾರ್ಲ್ಸ್‌ನ ಮಾತನ್ನು ನಂಬುವಂತಿಲ್ಲ ಅಂತ ಅವನು ಬೇಗ ಅರ್ಥ ಮಾಡಿಕೊಂಡ. ಬರೀ ಚರ್ಚನ್ನು ಉಳಿಸಿಕೊಂಡರೆ ಸಾಲದು, ದೊರೆಯ ಕೈಗಳನ್ನೇ ಕಟ್ಟಬೇಕು ಅಂತ ತೀರ್ಮಾನಿಸಿದ. ಮಾಂಟ್ರೋಸ್‌ಗೆ ಅಲ್ಲೇ ತಕರಾರು. ಬಿಷಪ್‌ಗಳು ಹೋದರು, ಪ್ರಾರ್ಥನಾ ಪುಸ್ತಕ ಹೋಯಿತು, ಕೇಳಿದ್ದು ಸಿಕ್ಕಿತು. ಇನ್ನು ದೊರೆಯ ಅಧಿಕಾರಕ್ಕೆ ಕೈ ಹಾಕಿದರೆ ಆ ಜಾಗಕ್ಕೆ ಆರ್ಗೈಲ್ ಬಂದು ಕೂರುತ್ತಾನೆ ಅಷ್ಟೇ. ನಿಜ ಹೇಳಬೇಕೆಂದರೆ ಇಬ್ಬರ ಲೆಕ್ಕವೂ ಸರಿಯಾಗಿತ್ತು.

ಗುಟ್ಟಿನ ಒಪ್ಪಂದ ಬಯಲಾಯಿತು. 1641ರಲ್ಲಿ ಮಾಂಟ್ರೋಸ್‌ನನ್ನು ಐದು ತಿಂಗಳು ಎಡಿನ್‌ಬರೋ ಕೋಟೆಯಲ್ಲಿ ಕೂಡಿಹಾಕಿದರು. ಹೊರಬಂದ ಮೇಲೂ ಸ್ವಲ್ಪ ಕಾಲ ಸುಮ್ಮನಿದ್ದ. 1642ರಲ್ಲಿ ಇಂಗ್ಲೆಂಡಿನಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. 1643ರಲ್ಲಿ ಒಡಂಬಡಿಕೆಯವರು ಆ ಪಾರ್ಲಿಮೆಂಟಿನ ಜೊತೆ ಎರಡನೆಯ ಒಡಂಬಡಿಕೆ ಮಾಡಿಕೊಂಡರು. ದೊರೆಯ ವಿರುದ್ಧ ಸೈನ್ಯ ಕೊಡುತ್ತೇವೆ, ಬದಲಿಗೆ ಇಂಗ್ಲೆಂಡಿನ ಚರ್ಚನ್ನೂ ನಮ್ಮಂತೆ ಸುಧಾರಿಸಬೇಕು ಅನ್ನುವುದು ವ್ಯವಹಾರ. ಮಾಂಟ್ರೋಸ್ ದೊರೆಯ ಕಡೆಗೆ ಬಹಿರಂಗವಾಗಿ ಬಂದದ್ದು ಈ ಹೊತ್ತಿಗೆ. ಮೊದಲನೆಯ ಒಡಂಬಡಿಕೆ ನನ್ನದು, ಎರಡನೆಯದು ನನ್ನದಲ್ಲ. ಈ ಮಾತನ್ನು ಅವನು ಸಾಯುವ ಹಿಂದಿನ ದಿನ ಪಾದ್ರಿಗಳ ಮುಂದೆಯೂ ಹೇಳಿದ. ಬಿಷಪ್‌ಗಳ ಬಗ್ಗೆ ನನಗೇನೂ ಅಕ್ಕರೆಯಿಲ್ಲ ಅಂತಲೂ ಸೇರಿಸಿದ.

ಇನ್ನು ಯುದ್ಧದ ವರ್ಷ. ಇದು ಸಿನಿಮಾದಂತೆ ಇದೆ, ಹಾಗಾಗಿ ಸ್ವಲ್ಪ ಎಚ್ಚರಿಕೆಯಿಂದ ಹೇಳುತ್ತೇನೆ.

1644ರ ಆಗಸ್ಟ್‌ನಲ್ಲಿ ಮಾಂಟ್ರೋಸ್ ಕುದುರೆ ನೋಡಿಕೊಳ್ಳುವ ಆಳಿನ ವೇಷ ಹಾಕಿ, ಇಬ್ಬರು ಜೊತೆಗಾರರೊಂದಿಗೆ ಗಡಿ ದಾಟಿ ಸ್ಕಾಟ್ಲೆಂಡಿಗೆ ಬಂದ. ಜೇಬಿನಲ್ಲಿ ದೊರೆಯ ನೇಮಕ ಪತ್ರ ಇತ್ತು, ಸೈನ್ಯ ಇರಲಿಲ್ಲ. ಅದೇ ಹೊತ್ತಿಗೆ ಐರ್ಲೆಂಡಿನಿಂದ ಅಲಸ್ಡೇರ್ ಮ್ಯಾಕೊಲ್ಲ ಅನ್ನುವ ಭಾರೀ ಆಳು 2000ದಷ್ಟು ಜನರನ್ನು ಕಟ್ಟಿಕೊಂಡು ಪಶ್ಚಿಮ ತೀರದಲ್ಲಿ ಇಳಿದಿದ್ದ. ಇಬ್ಬರೂ ಬ್ಲೇರ್ ಆಥಾಲ್‌ನಲ್ಲಿ ಸೇರಿದರು. ಅಲಸ್ಡೇರ್‌ನ ಜನರೆಲ್ಲ ಕ್ಯಾಥೊಲಿಕರು, ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗುಡ್ಡಗಾಡಿನ ಭಾಷೆ ಗೇಲಿಕ್ ಮಾತಾಡುವವರು. ಅವರಿಗೆ ಚಾರ್ಲ್ಸ್ ದೊರೆಗಿಂತ ಆರ್ಗೈಲ್‌ನ ಕ್ಯಾಂಪ್‌ಬೆಲ್ ಕುಲದ ಮೇಲಿನ ಹಗೆ ಮುಖ್ಯ. ಅಲಸ್ಡೇರ್‌ನ ಕುಲವಾದ ಮ್ಯಾಕ್‌ಡೊನಾಲ್ಡರ ಜಮೀನನ್ನು ಕ್ಯಾಂಪ್‌ಬೆಲ್ಲರು ತಲೆಮಾರುಗಳಿಂದ ನುಂಗಿದ್ದರು. ಪ್ರಾಟೆಸ್ಟೆಂಟ್ ಸರದಾರನೊಬ್ಬ ಕ್ಯಾಥೊಲಿಕ್ ಸೈನಿಕರನ್ನು ಕಟ್ಟಿಕೊಂಡು ಪ್ರಾಟೆಸ್ಟೆಂಟರ ಮೇಲೆ ಬಿದ್ದ. ಸ್ಕಾಟ್ಲೆಂಡಿನ ದಕ್ಷಿಣ ಮತ್ತು ಪೂರ್ವದ ತಗ್ಗಿನ ನಾಡಿನ ಜನ ಇದನ್ನು ಎಂದೂ ಕ್ಷಮಿಸಲಿಲ್ಲ. 1641ರಲ್ಲಿ ಐರ್ಲೆಂಡಿನಲ್ಲಿ ಪ್ರಾಟೆಸ್ಟೆಂಟರ ಕೊಲೆಗಳಾದ ಸುದ್ದಿ ಅವರ ಮನಸ್ಸಿನಲ್ಲಿ ಹಸಿಯಾಗಿತ್ತು.

ಸೆಪ್ಟೆಂಬರ್ 1ರಂದು ಪರ್ತ್ ಪಟ್ಟಣದ ಹತ್ತಿರ ಟಿಪ್ಪರ್‌ಮ್ಯೂರ್‌ನಲ್ಲಿ ಮೊದಲ ಕಾಳಗ. ಮದ್ದುಗುಂಡು ಸಾಲದೆ ಕೆಲವರು ನೆಲದ ಕಲ್ಲನ್ನೇ ಎತ್ತಿ ಬೀರಿದರಂತೆ. ಗೆದ್ದರು. ಹನ್ನೆರಡು ದಿನಕ್ಕೆ ಅಬರ್ಡೀನ್.

ಅಬರ್ಡೀನ್ ಬಗ್ಗೆ ಮಾಂಟ್ರೋಸ್‌ನ ಅಭಿಮಾನಿಗಳು ಬೇಗ ಬೇಗ ಮಾತು ಮುಗಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಊರು ಒಪ್ಪಿಸಿ ಅಂತ ಕೇಳಲು ಅವನು ದೂತನನ್ನು ಕಳಿಸಿದ, ಜೊತೆಗೆ ಒಬ್ಬ ಡೋಲು ಬಡಿಯುವ ಹುಡುಗ. ವಾಪಸ್ ಬರುವಾಗ ಊರಿನ ಕಡೆಯ ಯಾರೋ ಆ ಹುಡುಗನಿಗೆ ಗುಂಡು ಹೊಡೆದರು. ಮಾಂಟ್ರೋಸ್ ಸಿಟ್ಟಿನಿಂದ ಅಲಸ್ಡೇರ್‌ನ ಜನಕ್ಕೆ ಊರನ್ನು ಬಿಟ್ಟುಕೊಟ್ಟ. ಕಾಳಗ ಗೆದ್ದ ಮೇಲೆ ಮೂರು ದಿನ ಕೊಲೆ, ಅತ್ಯಾಚಾರ, ಲೂಟಿ. ಅದನ್ನು ಬರೆದಿಟ್ಟ ಜಾನ್ ಸ್ಪಾಲ್ಡಿಂಗ್ ಅದೇ ಊರಿನವನು, ಮೇಲಾಗಿ ದೊರೆಯ ಪಕ್ಷಕ್ಕೆ ಒಲಿದವನು. ಬಟ್ಟೆ ಹಾಳಾಗಬಾರದು ಅಂತ ಮೊದಲು ಬಟ್ಟೆ ಬಿಚ್ಚಿಸಿ ಆಮೇಲೆ ಕೊಂದರು ಅಂತ ಅವನು ಬರೆಯುತ್ತಾನೆ. ನೂರಕ್ಕೂ ಹೆಚ್ಚು ಊರಿನವರು ಸತ್ತರು. ಯೋಚಿಸಿ: ಐದು ವರ್ಷದ ಹಿಂದೆ ದೊರೆಯ ಪಕ್ಷದಲ್ಲಿದ್ದೀರಿ ಅಂತ ಇದೇ ಮಾಂಟ್ರೋಸ್ ಇದೇ ಊರಿನ ಮೇಲೆ ಬಂದಿದ್ದ. ಈಗ ಒಡಂಬಡಿಕೆಯ ಪಕ್ಷದಲ್ಲಿದ್ದೀರಿ ಅಂತ ಬಂದ. ಆ ಊರಿನ ಸಾಮಾನ್ಯ ಜನ ಯಾವ ಕಾಗದಕ್ಕೆ ಸಹಿ ಹಾಕಿದರೆ ಉಳಿಯುತ್ತಿದ್ದರು? ಹುಡುಗನ ಸಾವು ಸಿಟ್ಟಿಗೆ ಕಾರಣ ಆಗಬಹುದು, ಮೂರು ದಿನಕ್ಕೆ ಸಮಜಾಯಿಷಿ ಆಗುವುದಿಲ್ಲ. ರಾಜಕೀಯವಾಗಿಯೂ ಅದು ಅವನಿಗೆ ಮುಳುವಾಯಿತು. ಆಮೇಲೆ ಅವನು ಎಷ್ಟು ಗೆದ್ದರೂ ತಗ್ಗಿನ ನಾಡಿನ ಪಟ್ಟಣಗಳು ಅವನ ಕಡೆ ಬರಲಿಲ್ಲ.

ಚಳಿಗಾಲ ಬಂತು. ಗುಡ್ಡಗಾಡಿನಲ್ಲಿ ಆಗ ಯಾರೂ ಯುದ್ಧ ಮಾಡುವುದಿಲ್ಲ. ಅಲಸ್ಡೇರ್ ಮತ್ತು ಕುಲದ ನಾಯಕರ ಒತ್ತಾಯಕ್ಕೆ ಮಾಂಟ್ರೋಸ್ ಡಿಸೆಂಬರ್‌ನಲ್ಲಿ ಆರ್ಗೈಲ್‌ನ ಊರು ಇನ್ವರೆರಿಯ ಮೇಲೆ ಬಿದ್ದ. ಕಣಿವೆಗಳನ್ನು ಸುಟ್ಟು, ದನ ಹೊಡೆದುಕೊಂಡು ಉತ್ತರಕ್ಕೆ ಹೋದ. 1645ರ ಜನವರಿ ಕೊನೆಯಲ್ಲಿ ಅವನ ಸ್ಥಿತಿ ಇಕ್ಕಟ್ಟಾಗಿತ್ತು. ಈಗ ಫೋರ್ಟ್ ಅಗಸ್ಟಸ್ ಇರುವ ಕಡೆ ಅವನ 1500ರಷ್ಟು ಜನ. ಮುಂದೆ ಇನ್ವರ್ನೆಸ್ ಕಡೆ ಒಂದು ಶತ್ರು ಸೈನ್ಯ, ಹಿಂದೆ ಇನ್ವರ್‌ಲಾಕಿಯಲ್ಲಿ ಆರ್ಗೈಲ್‌ನ ಸುಮಾರು 3000 ಜನ. ನೇರ ಕಣಿವೆ ದಾರಿಯಲ್ಲಿ ಹೋದರೆ ಸುದ್ದಿ ಮೊದಲೇ ತಲುಪುತ್ತದೆ. ಹಾಗಾಗಿ ಹಿಮ ತುಂಬಿದ ಬೆಟ್ಟಗಳ ಮೇಲೆ, 30 ಮೈಲಿಗೂ ಜಾಸ್ತಿ ದೂರ, ಎರಡು ದಿನ ನಡೆಸಿದ. ತಿನ್ನಲು ಓಟ್ಸ್ ಹಿಟ್ಟು, ತಣ್ಣೀರಿನಲ್ಲಿ ಕಲಸಿದ್ದು. ಬೆಂಕಿ ಹಚ್ಚುವಂತಿಲ್ಲ. ಫೆಬ್ರವರಿ 1ರ ಸಂಜೆ ಬೆನ್ ನೆವಿಸ್ ಬೆಟ್ಟದ ಬುಡಕ್ಕೆ ಬಂದು ರಾತ್ರಿ ಅಲ್ಲೇ ಕಳೆದರು. ಮರುದಿನ ಬೆಳಗಾಗುವ ಹೊತ್ತಿಗೆ ಮೇಲಿಂದ ಇಳಿದರು.

ಆರ್ಗೈಲ್ ಆಗ ಕೆರೆಯಂತೆ ಒಳಗೆ ಚಾಚಿದ ಕಡಲಿನ ಮೇಲೆ ತನ್ನ ದೋಣಿಯಲ್ಲಿದ್ದ. ಕುದುರೆಯಿಂದ ಬಿದ್ದು ತೋಳಿಗೆ ಪೆಟ್ಟಾಗಿತ್ತು, ಸೈನ್ಯವನ್ನು ಸಂಬಂಧಿ ಡಂಕನ್ ಕ್ಯಾಂಪ್‌ಬೆಲ್‌ಗೆ ವಹಿಸಿದ್ದ. ತನ್ನ ಕುಲದವರು ಸಾಯುವುದನ್ನು ದೋಣಿಯಿಂದ ನೋಡಿ ಹೊರಟುಹೋದ ಅನ್ನುವ ಮಾತು ಅವನಿಗೆ ಶಾಶ್ವತವಾಗಿ ಅಂಟಿತು. ಸುಮಾರು 1500 ಜನ ಸತ್ತರು, ಡಂಕನ್ ಕೂಡ. ಗೇಲಿಕ್ ಕವಿ ಇಯನ್ ಲಾಮ್ ಹತ್ತಿರದಿಂದ ನೋಡಿ ಅದರ ಮೇಲೆ ಹಾಡು ಕಟ್ಟಿದ. ನೀನೂ ಕತ್ತಿ ಹಿಡಿ ಅಂತ ಅಲಸ್ಡೇರ್ ಕರೆದಾಗ, ನಾನು ಸತ್ತರೆ ನಾಳೆ ನಿನ್ನನ್ನು ಹಾಡುವವರು ಯಾರು ಅಂದನಂತೆ. ಅವನ ಹಾಡಿನಲ್ಲಿ ಗೆಲುವೆಲ್ಲ ಅಲಸ್ಡೇರ್ ಮತ್ತು ಡೊನಾಲ್ಡ್ ಕುಲದ್ದು. ಇಂಗ್ಲಿಷ್‌ನಲ್ಲಿ ಬರೆದವರಿಗೆ ಅದೇ ಗೆಲುವು ಪೂರ್ತಿ ಮಾಂಟ್ರೋಸ್‌ನದು. ಬೆಟ್ಟ ದಾಟುವ ತೀರ್ಮಾನ ಅವನದೇ. ಆದರೆ ಆ ಬೆಟ್ಟದ ಮೇಲೆ ಹೇಗೆ ನಡೆಯಬೇಕು, ಇಳಿದು ಹೇಗೆ ಬೀಳಬೇಕು ಅಂತ ಗೊತ್ತಿದ್ದದ್ದು ಗುಡ್ಡದವರಿಗೆ. ಹತ್ತಿರ ಹೋಗಿ ಒಂದು ಸುತ್ತು ಗುಂಡು ಹಾರಿಸುವುದು, ಬಂದೂಕು ಎಸೆದು ಕತ್ತಿ ಗುರಾಣಿ ಹಿಡಿದು ಓಡಿ ನುಗ್ಗುವುದು, ಎದುರಿನವರು ಮತ್ತೆ ಮದ್ದು ತುಂಬುವಷ್ಟರಲ್ಲಿ ಮೈಮೇಲೆ ಬೀಳುವುದು. ಇದನ್ನು ರೂಢಿಗೆ ತಂದವನು ಅಲಸ್ಡೇರ್ ಅಂತ ಈಗಿನ ಇತಿಹಾಸಕಾರರಲ್ಲಿ ಕೆಲವರು ವಾದಿಸುತ್ತಾರೆ. ನನಗೆ ಅದು ಸರಿ ಅನಿಸುತ್ತದೆ.

ಗೆಲುವುಗಳ ನಡುವೆ ಮನೆ ಕರಗುತ್ತಿತ್ತು. ದಂಡಿನ ಜೊತೆಗೇ ನಡೆದ ಅವನ ಹಿರಿಯ ಮಗ ಜಾನ್, 14ರ ಆಸುಪಾಸಿನ ಹುಡುಗ, ಮಾರ್ಚ್‌ನಲ್ಲಿ ಕಾಯಿಲೆ ಬಿದ್ದು ಸತ್ತ. ಎರಡನೆಯ ಮಗ ಶತ್ರುಗಳ ಕೈಸೆರೆಯಾದ. ಯುದ್ಧ ಮಾತ್ರ ನಡೆಯುತ್ತಲೇ ಇತ್ತು. ಮೇನಲ್ಲಿ ಆಲ್ಡರ್ನ್, ಜುಲೈನಲ್ಲಿ ಆಲ್ಫರ್ಡ್, ಆಗಸ್ಟ್ 15ರಂದು ಕಿಲ್‌ಸೈತ್. ಕಿಲ್‌ಸೈತ್ ಆದ ಮೇಲೆ ಸ್ಕಾಟ್ಲೆಂಡಿನಲ್ಲಿ ಅವನನ್ನು ಎದುರಿಸುವ ಸೈನ್ಯವೇ ಉಳಿಯಲಿಲ್ಲ. ಒಂದೇ ವರ್ಷದಲ್ಲಿ ಆರು ದೊಡ್ಡ ಗೆಲುವು. ಎಡಿನ್‌ಬರೋದಲ್ಲಿ ಪ್ಲೇಗ್ ಇದ್ದದ್ದರಿಂದ ಅವನು ಗ್ಲಾಸ್ಗೊದಲ್ಲಿ ಪಾರ್ಲಿಮೆಂಟ್ ಕರೆದ.

ಅದು ಸೇರಲೇ ಇಲ್ಲ. ಅಲಸ್ಡೇರ್ ತನ್ನ ಹಳೆಯ ಲೆಕ್ಕ ತೀರಿಸಲು ಪಶ್ಚಿಮಕ್ಕೆ ಹೊರಟ. ಗುಡ್ಡದವರು ಮನೆಗೆ ಹೋದರು, ಅವರಿಗೆ ಕುಯ್ಲಿತ್ತು, ಮನೆಗೆ ಒಯ್ಯಲು ಕೊಳ್ಳೆಯಿತ್ತು. ಅವನ ದಂಡಿನಲ್ಲಿದ್ದ ಗಾರ್ಡನ್ ಕುಲದವರು ಮುನಿಸಿಕೊಂಡು ಹೋದರು. ಮಾಂಟ್ರೋಸ್ ಉಳಿದ ಕೆಲವು ನೂರು ಐರಿಷ್ ಕಾಲಾಳುಗಳು ಮತ್ತು ಹೊಸಬರ ಜೊತೆ ದಕ್ಷಿಣಕ್ಕೆ ಬಂದ. ಸೆಪ್ಟೆಂಬರ್ 13ರ ಬೆಳಗ್ಗೆ ಮಂಜಿನಲ್ಲಿ, ಸೆಲ್ಕರ್ಕ್ ಹತ್ತಿರದ ಫಿಲಿಪ್‌ಹಾನಲ್ಲಿ ಒಡಂಬಡಿಕೆಯವರ ಸೇನಾಪತಿ ಡೇವಿಡ್ ಲೆಸ್ಲಿಯ ಸಾವಿರಾರು ಕುದುರೆಗಳು ಅವನ ಮೇಲೆ ಬಿದ್ದವು. ಮಾಂಟ್ರೋಸ್ ತಪ್ಪಿಸಿಕೊಂಡ. ಐರಿಷ್ ಸೈನಿಕರು ಜೀವ ಉಳಿಸುತ್ತೇವೆ ಅನ್ನುವ ಮಾತು ನಂಬಿ ಆಯುಧ ಕೆಳಗಿಟ್ಟರು. ಅವರನ್ನು ಗುಂಡಿಟ್ಟು ಕೊಂದರು. ದಂಡಿನ ಜೊತೆ ಬಂದಿದ್ದ ಅವರ ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಅಬರ್ಡೀನ್‌ನ ಪಾಪ ಒಂದು ಕಡೆ ಇದ್ದರೆ ಇದು ಇನ್ನೊಂದು ಕಡೆ. ಇಲ್ಲಿ ಕೊಂದವರಿಗೆ ಪಾದ್ರಿಗಳ ಬೆಂಬಲವೂ ಇತ್ತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1646ರಲ್ಲಿ ಚಾರ್ಲ್ಸ್ ತಾನೇ ಹೋಗಿ ಸ್ಕಾಟ್ ಸೈನ್ಯದ ಕೈಗೆ ಸಿಕ್ಕಿದ, ಆಯುಧ ಇಳಿಸು ಅಂತ ಮಾಂಟ್ರೋಸ್‌ಗೆ ಆಜ್ಞೆ ಕಳಿಸಿದ. ಅವನು ಪಾದ್ರಿಯೊಬ್ಬರ ಸೇವಕನ ವೇಷದಲ್ಲಿ ದೋಣಿ ಹತ್ತಿ ನಾರ್ವೆಗೆ ಹೋದ. ಪ್ಯಾರಿಸ್, ಪ್ರಾಗ್, ಹೇಗ್ ಅಂತ ಅಲೆದಾಟ. ಚಕ್ರವರ್ತಿ ಮೂರನೇ ಫರ್ಡಿನೆಂಡ್ ಅವನಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ. 1648ರಲ್ಲಿ ಹೆಂಡತಿ ತೀರಿಕೊಂಡಳು. 1649ರ ಜನವರಿ 30ರಂದು ಲಂಡನ್ನಿನಲ್ಲಿ ದೊರೆಯ ತಲೆ ಕಡಿದರು. ಸುದ್ದಿ ಕೇಳಿ ಮಾಂಟ್ರೋಸ್ ಮೂರ್ಛೆ ಹೋದ, ಎರಡು ದಿನ ಕೋಣೆಯಿಂದ ಹೊರಬರಲಿಲ್ಲ.

ಸತ್ತ ದೊರೆಯ ಮಗ ಎರಡನೇ ಚಾರ್ಲ್ಸ್‌ಗೆ ಆಗ 18 ವರ್ಷ, ಹಾಲೆಂಡಿನಲ್ಲಿದ್ದ. ಅವನ ಕೈಯಲ್ಲಿ ಎರಡು ದಾರಿಗಳಿದ್ದವು. ಒಡಂಬಡಿಕೆಯವರ ಷರತ್ತುಗಳಿಗೆ ಒಪ್ಪಿ ಕಿರೀಟ ಪಡೆಯುವುದು, ಇಲ್ಲವೇ ಮಾಂಟ್ರೋಸ್‌ನ ಕತ್ತಿಯಿಂದ ಪಡೆಯುವುದು. ಅವನು ಎರಡನ್ನೂ ಒಟ್ಟಿಗೆ ನಡೆಸಿದ. ಒಂದು ಕಡೆ ಬ್ರೆಡಾದಲ್ಲಿ ಮಾತುಕತೆ. ಇನ್ನೊಂದು ಕಡೆ ಮಾಂಟ್ರೋಸ್‌ಗೆ ಹೋಗು, ಧೈರ್ಯವಾಗಿ ಹೋಗು ಅನ್ನುವ ಪತ್ರ. ಯಾಕೆ ಅಂದರೆ ಮಾಂಟ್ರೋಸ್ ದಂಡೆತ್ತಿ ಹೋದಷ್ಟೂ ಒಡಂಬಡಿಕೆಯವರು ಷರತ್ತು ಸಡಿಲಿಸುತ್ತಾರೆ. ತನ್ನನ್ನು ಚೌಕಾಶಿಗೆ ಬಳಸುತ್ತಿದ್ದಾರೆ ಅಂತ ಮಾಂಟ್ರೋಸ್‌ಗೆ ತಿಳಿಯಲಿಲ್ಲವೇ? ತಿಳಿದಿತ್ತು ಅಂತಲೇ ನನ್ನ ಅನಿಸಿಕೆ. ತಿಳಿದೂ ಹೋದದ್ದು ನಿಷ್ಠೆಯೋ ಹಠವೋ, ನೀವೇ ಹೇಳಿ.

1650ರ ವಸಂತದಲ್ಲಿ ಆರ್ಕ್ನಿ ದ್ವೀಪಗಳಿಂದ ಸುಮಾರು 1200 ಜನರ ಜೊತೆ ಅವನು ಉತ್ತರ ತೀರಕ್ಕೆ ಇಳಿದ. ಡೆನ್ಮಾರ್ಕ್, ಜರ್ಮನಿ ಕಡೆಯ ಬಾಡಿಗೆ ಸೈನಿಕರು, ಜೊತೆಗೆ ಆರ್ಕ್ನಿಯ ರೈತರು, ಮೀನುಗಾರರು. ಗುಡ್ಡದ ಕುಲಗಳು ಏಳಲಿಲ್ಲ. ಏಪ್ರಿಲ್ 27ರಂದು ಕಾರ್ಬಿಸ್‌ಡೇಲ್‌ನಲ್ಲಿ ಒಡಂಬಡಿಕೆಯವರ ಕಡೆಯ ಕರ್ನಲ್ ಸ್ಟ್ರಾಕನ್‌ನ ಇನ್ನೂರು ಚಿಲ್ಲರೆ ಕುದುರೆಗಳು ಇಡೀ ದಂಡನ್ನು ಚದುರಿಸಿದವು. ಮಾಂಟ್ರೋಸ್ ರೈತನ ಬಟ್ಟೆ ಹಾಕಿಕೊಂಡು ಅಸಿಂಟ್ ಕಾಡುಮೇಡಿನಲ್ಲಿ ದಿನಗಟ್ಟಲೆ ಅಲೆದ. ಕೊನೆಗೆ ಆರ್ಡ್‌ವ್ರೆಕ್ ಕೋಟೆಯ ನೀಲ್ ಮ್ಯಾಕ್ಲಿಯಡ್‌ನ ಕೈಗೆ ಸಿಕ್ಕಿದ. ಅವನು ಸರ್ಕಾರಕ್ಕೆ ಒಪ್ಪಿಸಿದ. ಬಹುಮಾನದ ಒಂದು ಪಾಲು ಓಟ್ಸ್ ಹಿಟ್ಟಿನ ರೂಪದಲ್ಲಿ ಬಂತು, ಅದೂ ಹುಳಿ ಹಿಡಿದದ್ದು ಅಂತ ಗುಡ್ಡದವರು ಇಂದಿಗೂ ಹೇಳುತ್ತಾರೆ. ಮ್ಯಾಕ್ಲಿಯಡ್ ಮಾತ್ರ ಆ ದ್ರೋಹದ ಆರೋಪವನ್ನು ಕೊನೆವರೆಗೂ ಅಲ್ಲಗಳೆದ.

ಮಾಂಟ್ರೋಸ್‌ಗೆ ವಿಚಾರಣೆ ಆಗಲಿಲ್ಲ. 1644ರಲ್ಲೇ ಅವನಿಲ್ಲದಾಗ ಶಿಕ್ಷೆ ಬರೆದಿಟ್ಟಿದ್ದರು. ಮೇ 18ರಂದು ಎಡಿನ್‌ಬರೋಗೆ ತಂದು, ಬರಿತಲೆಯಲ್ಲಿ ಗಾಡಿಗೆ ಕಟ್ಟಿ ಮೆರವಣಿಗೆ ಮಾಡಿದರು. ಗಾಡಿ ಹೊಡೆದವನು ನೇಣು ಹಾಕುವವನೇ. ಜನ ಕಲ್ಲು ಹೊಡೆಯಲಿ ಅಂತ ಕೈ ಕಟ್ಟಿದ್ದರು ಅನ್ನುತ್ತಾರೆ. ಯಾರೂ ಹೊಡೆಯಲಿಲ್ಲ, ಹಲವರು ಅತ್ತರು. ದಾರಿಯಲ್ಲಿ ಮೊರೇ ಹೌಸ್ ಮುಂದೆ ಗಾಡಿ ನಿಂತಿತು. ಒಳಗೆ ಆರ್ಗೈಲ್‌ನ ಮಗನ ಮದುವೆಯ ಸಂಭ್ರಮ. ಅರೆತೆರೆದ ಕಿಟಕಿಯ ಹಿಂದೆ ಆರ್ಗೈಲ್ ಇದ್ದ. ಮಾಂಟ್ರೋಸ್ ಆ ಕಡೆ ನೋಡಿದಾಗ ಕಿಟಕಿ ಮುಚ್ಚಿತು.

ಶಿಕ್ಷೆ ಹೀಗಿತ್ತು: ಮೂರು ಗಂಟೆ ನೇಣಿನಲ್ಲಿ ತೂಗಬೇಕು. ತಲೆ ಕಡಿದು ಟೋಲ್‌ಬೂತ್ ಸೆರೆಮನೆಯ ಮೇಲೆ ಚುಚ್ಚಬೇಕು. ಕೈಕಾಲುಗಳನ್ನು ಬೇರೆ ಬೇರೆ ಪಟ್ಟಣಗಳಿಗೆ ಕಳಿಸಬೇಕು. ಅವನು ಕೇಳಿ, ಯುರೋಪಿನ ಪ್ರತಿ ಊರಿಗೂ ಒಂದೊಂದು ತುಂಡು ಕಳಿಸುವಷ್ಟು ಮೈ ಇರಬೇಕಿತ್ತು ಅಂದ. ಆ ದಿನ ಬೆಳಗ್ಗೆ ಕೂದಲು ಬಾಚುತ್ತಿದ್ದಾಗ ವಾರಿಸ್ಟನ್ ಬಂದ. ಒಡಂಬಡಿಕೆ ಬರೆದ ಅದೇ ವಕೀಲ. ಈಗ ಕೂದಲಿಗೆ ಇಷ್ಟು ಆರೈಕೆ ಯಾಕೆ ಅಂತ ಕೆಣಕಿದ. ತಲೆ ಇನ್ನೂ ನನ್ನದೇ, ಇವತ್ತು ರಾತ್ರಿ ನಿಮ್ಮದಾದ ಮೇಲೆ ನಿಮಗೆ ಬೇಕಾದ್ದು ಮಾಡಿಕೊಳ್ಳಿ ಅಂತ ಉತ್ತರ. ಕೆಂಪು ಉಡುಪು, ರೇಷ್ಮೆ ಕಾಲುಚೀಲ ಹಾಕಿ ಮದುಮಗನಂತೆ ನಡೆದುಹೋದ ಅಂತ ನೋಡಿದವರು ಬರೆದಿದ್ದಾರೆ. ಅವನ ಗೆಲುವುಗಳನ್ನು ಅವನ ಪಾದ್ರಿ ಜಾರ್ಜ್ ವಿಶಾರ್ಟ್ ಲ್ಯಾಟಿನ್‌ನಲ್ಲಿ ಪುಸ್ತಕ ಮಾಡಿದ್ದ. ಅವಮಾನ ಮಾಡಲು ಅದನ್ನು ಅವನ ಕೊರಳಿಗೆ ಕಟ್ಟಿದರು. ದೊರೆ ಕೊಟ್ಟ ಗಾರ್ಟರ್ ಅನ್ನುವ ದೊಡ್ಡ ಗೌರವದ ಪದಕಕ್ಕಿಂತ ಇದರಿಂದ ಹೆಮ್ಮೆ ಜಾಸ್ತಿ ಅಂದ ಅವನು.

ಒಂದು ತಿಂಗಳ ನಂತರ, ಜೂನ್ 23ರಂದು, ಎರಡನೇ ಚಾರ್ಲ್ಸ್ ಸ್ಪೇ ನದಿಯ ಬಾಯಲ್ಲಿ ಹಡಗಿನಿಂದ ಇಳಿದ. ಎರಡೂ ಒಡಂಬಡಿಕೆಗಳಿಗೆ ಸಹಿ ಹಾಕಿದ. ಮಾಂಟ್ರೋಸ್‌ನ ದಂಡಯಾತ್ರೆಗೂ ನನಗೂ ಸಂಬಂಧವಿಲ್ಲ ಅಂತ ಕೈ ತೊಳೆದುಕೊಂಡ. 1651ರ ಜನವರಿ 1ರಂದು ಸ್ಕೋನ್‌ನಲ್ಲಿ ಅವನ ತಲೆಗೆ ಕಿರೀಟ ಇಟ್ಟವನು ಆರ್ಗೈಲ್. ಹತ್ತು ವರ್ಷ ಕಳೆದು ಅದೇ ಚಾರ್ಲ್ಸ್ ಗಟ್ಟಿಯಾಗಿ ಪಟ್ಟಕ್ಕೆ ಬಂದ ಮೇಲೆ ಲೆಕ್ಕ ತಿರುಗಿತು. 1661ರ ಮೇ 11ರಂದು ಮಾಂಟ್ರೋಸ್‌ನ ತುಂಡುಗಳನ್ನು ಒಟ್ಟುಗೂಡಿಸಿ ಸೇಂಟ್ ಜೈಲ್ಸ್‌ನಲ್ಲಿ ರಾಜಮರ್ಯಾದೆಯಿಂದ ಹೂಳಿದರು. ಮೇ 27ರಂದು ಆರ್ಗೈಲ್‌ನ ತಲೆ ಕಡಿದರು. ಮಾಂಟ್ರೋಸ್‌ನ ತಲೆ 11 ವರ್ಷ ಇದ್ದ ಟೋಲ್‌ಬೂತ್ ಮೊಳೆಗೇ ಅವನದನ್ನೂ ಚುಚ್ಚಿದರು. ಇವನೂ ಧೈರ್ಯವಾಗಿಯೇ ಸತ್ತ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. ಇವತ್ತು ಆ ಚರ್ಚಿನಲ್ಲಿ ಇಬ್ಬರ ಸ್ಮಾರಕವೂ ಇದೆ.

ಮಾತು ಮುಗಿಸಿದ ಮೇಲೆ ಒಬ್ಬರು ಕೇಳಿದರು: ಇದೆಲ್ಲ ಸರಿ, ನಮ್ಮ ಕಡೆಗೆ ಬರುತ್ತದೆ ಅಂದಿರಲ್ಲ? ಬರುತ್ತದೆ. ಮಾಂಟ್ರೋಸ್‌ನ ಮುಂಡವನ್ನು ಊರಾಚೆ ಹೂತಿದ್ದರು. ಅವನ ಅಕ್ಕನ ಮಗನ ಹೆಂಡತಿ, ಲೇಡಿ ನೇಪಿಯರ್, ರಾತ್ರಿ ಜನರನ್ನು ಕಳಿಸಿ ಹೃದಯವನ್ನು ತೆಗೆಸಿದಳು. ಅದನ್ನು ಅವನ ಕತ್ತಿಯ ಉಕ್ಕಿನಿಂದ ಮಾಡಿದ ಪುಟ್ಟ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚಿನ್ನದ ಜಾಲರಿ ಪೆಟ್ಟಿಗೆಯಲ್ಲಿಟ್ಟರು. ಮುಂದಿನ ಕಥೆಗೆ ಆಧಾರ ಸಿಲೋನಿನ ಮುಖ್ಯ ನ್ಯಾಯಾಧೀಶನಾಗಿದ್ದ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ 1836ರಲ್ಲಿ ತನ್ನ ಹೆಣ್ಣುಮಕ್ಕಳಿಗೆ ಬರೆದ ಪತ್ರ. ಅವನ ತಾಯಿ ಹೆಸ್ಟರ್, ನೇಪಿಯರ್ ಮನೆತನದ ಮಗಳು. ಪೆಟ್ಟಿಗೆ ಅವಳ ಪಾಲಿಗೆ ಬಂದಿತ್ತು.

ಗಂಡನ ಜೊತೆ ಇಂಡಿಯಾಕ್ಕೆ ಹಡಗಿನಲ್ಲಿ ಬರುವಾಗ ಫ್ರೆಂಚರ ಗುಂಡು ತಗುಲಿ ಚಿನ್ನದ ಪೆಟ್ಟಿಗೆ ಒಡೆಯಿತು, ಉಕ್ಕಿನ ಡಬ್ಬಿ ಉಳಿಯಿತು. ಅವರು ನೆಲೆಸಿದ್ದು ಮದುರೆಯಲ್ಲಿ. ಅಲ್ಲಿನ ಅಕ್ಕಸಾಲಿಗನೊಬ್ಬ ಚಿನ್ನದ ಪೆಟ್ಟಿಗೆಯನ್ನು ಮತ್ತೆ ಮಾಡಿಕೊಟ್ಟ. ಅದನ್ನಿಡಲು ಒಂದು ಬೆಳ್ಳಿಯ ಕಲಶವನ್ನೂ ಮಾಡಿ, ಮೇಲೆ ತಮಿಳು ಮತ್ತು ತೆಲುಗಿನಲ್ಲಿ ಮಾಂಟ್ರೋಸ್‌ನ ಕಥೆ ಕೊರೆದ. ಇದನ್ನು ಇಟ್ಟುಕೊಂಡವರಿಗೆ ಯುದ್ಧದಲ್ಲಿ ಗಾಯವಾಗುವುದಿಲ್ಲ, ಸೆರೆ ಸಿಗುವುದಿಲ್ಲ ಅಂತ ಊರಲ್ಲಿ ಸುದ್ದಿ ಹಬ್ಬಿತು. ಮಾಂಟ್ರೋಸ್‌ನ ಗತಿ ನೋಡಿದರೆ ನಗು ಬರುತ್ತದೆ. ಕಲಶ ಕಳುವಾಗಿ ಒಬ್ಬ ಪಾಳೆಗಾರನ ಕೈ ಸೇರಿತು, ಅವನು ದೊಡ್ಡ ಮೊತ್ತ ಕೊಟ್ಟು ಕೊಂಡಿದ್ದ. ಹುಡುಗ ಅಲೆಕ್ಸಾಂಡರ್ ಆ ಪಾಳೆಗಾರನ ಜೊತೆ ಹಂದಿ ಬೇಟೆಗೆ ಹೋಗಿ ಧೈರ್ಯ ತೋರಿಸಿದ. ಏನು ಬೇಕು ಅಂತ ಪಾಳೆಗಾರ ಕೇಳಿದಾಗ ಅಮ್ಮನ ಕಲಶ ಕೇಳಿದ. ಕದ್ದ ಮಾಲು ಅಂತ ಗೊತ್ತಿರಲಿಲ್ಲ ಅಂತ ಹೇಳಿ ಪಾಳೆಗಾರ ಕೊಟ್ಟುಬಿಟ್ಟ. ಮುಂದೆ ಆ ಪಾಳೆಗಾರನೂ ಆರ್ಕಾಟಿನ ನವಾಬನ ವಿರುದ್ಧ ಎದ್ದು ಮರಣದಂಡನೆಗೆ ಗುರಿಯಾದ. ಸಾಯುವಾಗ ಮಾಂಟ್ರೋಸ್‌ನನ್ನು ನೆನೆದನಂತೆ.

ಇನ್ನೊಂದು ಎಳೆ ನೇರ ಮೈಸೂರಿಗೆ ಬರುತ್ತದೆ. ಲಾಗರಿದಮ್ ನೇಪಿಯರ್‌ನ ಜೀವನ ಚರಿತ್ರೆ ಬರೆಯಲು ಹೆಸ್ಟರ್‌ಳ ತಂದೆ ಹೊರಟಿದ್ದ. ಹಿಂದೂ ಗಣಿತದ ವಿಷಯ ಹುಡುಕಿಕೊಡಲು ಅವನಿಗೆ ನೆರವಾಗಿದ್ದವನು ಕಾಲಿನ್ ಮೆಕೆಂಝಿ ಅನ್ನುವ ಯುವಕ. ಅವನು 1783ರಲ್ಲಿ ಮದ್ರಾಸಿಗೆ ಬಂದು, ಹೆಸ್ಟರ್ ಕರೆದಳು ಅಂತ ಮದುರೆಯ ಮನೆಗೂ ಹೋಗಿ ಅಲ್ಲಿನ ಪಂಡಿತರ ಪರಿಚಯ ಮಾಡಿಕೊಂಡ. ಹಳೆಯ ದಾಖಲೆ ಕೂಡಿಹಾಕುವ ಹುಚ್ಚು ಹಿಡಿದದ್ದು ಅಲ್ಲೇ ಅಂತ ಅವನೇ ಹೇಳಿಕೊಂಡಿದ್ದಾನೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದವನು, ಊರೂರಿನ ಕೈಫಿಯತ್ತು, ಅಂದರೆ ಸ್ಥಳದ ಚರಿತ್ರೆ, ಬರೆಸಿದವನು ಇದೇ ಮೆಕೆಂಝಿ.

ಹೃದಯ ಏನಾಯಿತು? 1792ರಲ್ಲಿ ಜಾನ್‌ಸ್ಟನ್ ದಂಪತಿ ಊರಿಗೆ ವಾಪಸಾಗುವಾಗ ಫ್ರಾನ್ಸಿನಲ್ಲಿದ್ದರು. ಕ್ರಾಂತಿಯ ಸರ್ಕಾರ ಚಿನ್ನ ಬೆಳ್ಳಿ ಒಪ್ಪಿಸಿ ಅಂತ ಆಜ್ಞೆ ಮಾಡಿತ್ತು. ಹೆಸ್ಟರ್ ಕಲಶವನ್ನು ಬೂಲೋನ್‌ನ ಒಬ್ಬ ಇಂಗ್ಲಿಷ್ ಹೆಂಗಸಿನ ಹತ್ತಿರ ಬಚ್ಚಿಡಲು ಕೊಟ್ಟಳು. ಆ ಹೆಂಗಸು ಸ್ವಲ್ಪ ದಿನಕ್ಕೆ ಸತ್ತಳು. ಎಷ್ಟು ಹುಡುಕಿಸಿದರೂ ಪೆಟ್ಟಿಗೆ ಸಿಗಲಿಲ್ಲ. ಈ ಕಥೆಯಲ್ಲಿ ಎಷ್ಟು ಪಾಲು ನಿಜ ಅಂತ ಮತ್ತೊಬ್ಬರು ಕೇಳಿದರು. ಕಲಶ ಇತ್ತು, ಮನೆಯವರು ಅದನ್ನು ನಂಬಿದ್ದರು, ಅಷ್ಟನ್ನು ಒಪ್ಪುತ್ತೇನೆ. ಹಂದಿ ಬೇಟೆಯ ಭಾಗವನ್ನು ಮಾತ್ರ, ಮಕ್ಕಳಿಗೆ ಬರೆದ ಪತ್ರ ಅಲ್ವಾ, ಸ್ವಲ್ಪ ಕಡಿಮೆ ಮಾಡಿ ಓದಬೇಕು.